ಎಲ್ಲವೂ ಹೊಂದಿದ ಮೇಲೂ ಉಳಿಯುವ ಭೇದ: ವೈ ವರ್ಣತಂತುವಿನ ಪ್ರತಿಜನಕಗಳು

ಕಲಬುರಗಿಯ ನಮ್ಮ ಬಡಾವಣೆಯ ಒಬ್ಬ ಹುಡುಗನಿಗೆ ರಕ್ತದ ಕ್ಯಾನ್ಸರ್ ಬಂದು, ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ಅಸ್ಥಿಮಜ್ಜೆ ಕಸಿಗೆ ಸಿದ್ಧತೆ ನಡೆದಿತ್ತು. ಅವನ ಅಕ್ಕ ಮತ್ತು ತಮ್ಮ ಇಬ್ಬರೂ ರಕ್ತಪರೀಕ್ಷೆ ಮಾಡಿಸಿಕೊಂಡರು. ಇಬ್ಬರ ಅಂಗಾಂಶ ಮಾದರಿಯೂ ರೋಗಿಯ ಮಾದರಿಗೆ ಪೂರ್ತಿಯಾಗಿ ಹೊಂದಿತು. ಒಡಹುಟ್ಟಿದವರಲ್ಲಿ ಒಬ್ಬರದು ಹೀಗೆ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ ಇರುವುದರಿಂದ, ಇಬ್ಬರದೂ ಹೊಂದಿದ್ದು ಆ ಮನೆಯವರಿಗೆ ದೊಡ್ಡ ಸಮಾಧಾನ ತಂದಿತ್ತು. ಅಕ್ಕ ತಾನೇ ಮಜ್ಜೆ ಕೊಡುವುದಾಗಿ ಮೊದಲೇ ನಿಶ್ಚಯಿಸಿದ್ದಳು. ಆದರೆ ವೈದ್ಯರು ಅವಳಿಗೆ ಎಷ್ಟು ಮಕ್ಕಳು, ಅವರಲ್ಲಿ ಗಂಡುಮಕ್ಕಳೆಷ್ಟು ಎಂದು ವಿಚಾರಿಸಿ, ಕೊನೆಗೆ ತಮ್ಮನನ್ನು ದಾನಿಯಾಗಿ ಆರಿಸಿದರು. ನಾನು ಜೀವಶಾಸ್ತ್ರ ಪಾಠ ಹೇಳುವವನೆಂದು ತಿಳಿದಿದ್ದ ಆಕೆ ಊರಿಗೆ ಬಂದಾಗ ನೇರವಾಗಿ ಕೇಳಿದಳು: "ಎಲ್ಲಾ ಹೊಂದ್ಯದಂತ ಹೇಳಿದವರು ನನ್ನ ಬಾಣಂತನದ ಸುದ್ದಿ ಯಾಕ ಕೇಳಿದ್ರು ಸರ್? ನನ್ನ ರಕ್ತದಾಗ ಏನರ ದೋಷ ಅದೇನ್ರಿ?"

ದೋಷ ಯಾವುದೂ ಇರಲಿಲ್ಲ. ಆಕೆಯ ಪ್ರಶ್ನೆಗೆ ಉತ್ತರ ಇರುವುದು ಗಂಡಸಿನ ದೇಹದ ಜೀವಕೋಶಗಳ ಮೇಲೆ ಕಾಣಿಸಿಕೊಳ್ಳುವ, ಹೆಣ್ಣಿನ ದೇಹದಲ್ಲಿ ಎಲ್ಲಿಯೂ ತಯಾರಾಗದ ಕೆಲವು ಪ್ರೋಟೀನ್ ತುಣುಕುಗಳಲ್ಲಿ. ಇವುಗಳನ್ನು ಒಟ್ಟಾಗಿ ಎಚ್-ವೈ ಪ್ರತಿಜನಕಗಳು ಎನ್ನುತ್ತಾರೆ. ಪ್ರತಿಜನಕ ಎಂದರೆ ರೋಗನಿರೋಧಕ ವ್ಯವಸ್ಥೆ ಪರಕೀಯವೆಂದು ಗುರುತಿಸಬಲ್ಲ ವಸ್ತು. ಎಚ್ ಎಂಬುದು ಅಂಗಾಂಶಗಳ ಹೊಂದಾಣಿಕೆಯನ್ನು ಸೂಚಿಸುವ ಅಕ್ಷರ, ವೈ ಎಂಬುದು ಅವುಗಳ ಮೂಲವಾದ ವರ್ಣತಂತುವಿನ ಹೆಸರು.

ಇವು ಮೊದಲು ಗಮನಕ್ಕೆ ಬಂದದ್ದು ಇಲಿಗಳಲ್ಲಿ. ಒಡಹುಟ್ಟಿದ ಇಲಿಗಳನ್ನೇ ಇಪ್ಪತ್ತಕ್ಕೂ ಹೆಚ್ಚು ತಲೆಮಾರು ಕೂಡಿಸುತ್ತ ಹೋದರೆ ಒಂದು ತಳಿಯ ಇಲಿಗಳೆಲ್ಲ ವಂಶವಾಹಿಗಳ ಮಟ್ಟದಲ್ಲಿ ಬಹುತೇಕ ಒಂದೇ ಆಗುತ್ತವೆ. ಅಂಥ ತಳಿಯ ಒಂದು ಇಲಿಯ ಚರ್ಮವನ್ನು ಇನ್ನೊಂದಕ್ಕೆ ಕಸಿ ಮಾಡಿದರೆ ಅದು ಅಂಟಿಕೊಂಡು ಉಳಿಯಬೇಕು. 1955ರಲ್ಲಿ ಅಮೆರಿಕದ ಮೊಂಟಾನಾ ರಾಜ್ಯದ ಗ್ರೇಟ್ ಫಾಲ್ಸ್‌ನಲ್ಲಿ ಐಕ್‌ವಾಲ್ಡ್ ಮತ್ತು ಸಿಲ್ಮ್‌ಸರ್ ಎಂಬ ಇಬ್ಬರು ಸಂಶೋಧಕರು ಇದಕ್ಕೆ ಒಂದು ಅಪವಾದವನ್ನು ಕಂಡರು. ಗಂಡಿನಿಂದ ಗಂಡಿಗೆ, ಹೆಣ್ಣಿನಿಂದ ಹೆಣ್ಣಿಗೆ, ಹೆಣ್ಣಿನಿಂದ ಗಂಡಿಗೆ ಹಾಕಿದ ಚರ್ಮ ಉಳಿಯಿತು; ಗಂಡಿನಿಂದ ಹೆಣ್ಣಿಗೆ ಹಾಕಿದ ಚರ್ಮ ಮಾತ್ರ ಕೆಲವು ವಾರಗಳಲ್ಲಿ ಕಳಚಿ ಬಿತ್ತು. ಹೆಣ್ಣಿಲಿಯಲ್ಲಿರುವ ಎಕ್ಸ್ ವರ್ಣತಂತು ಗಂಡಿನಲ್ಲಿಯೂ ಇದೆ, ಆದ್ದರಿಂದ ಹೆಣ್ಣಿನ ಚರ್ಮದಲ್ಲಿ ಗಂಡಿಗೆ ಹೊಸದು ಏನೂ ಇಲ್ಲ. ಗಂಡಿನಲ್ಲಿರುವ ವೈ ವರ್ಣತಂತು ಹೆಣ್ಣಿನಲ್ಲಿ ಇಲ್ಲ. ತಿರಸ್ಕಾರ ಒಂದೇ ದಿಕ್ಕಿನಲ್ಲಿ ನಡೆಯಲು ಕಾರಣ ಅಷ್ಟೇ. ಈ ದಿಕ್ಕಿನ ವಿಷಯವನ್ನು ಓದುಗರು ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇನೆ, ಏಕೆಂದರೆ ಅಕ್ಕನ ಪ್ರಶ್ನೆಗೆ ಬರುವಾಗ ದಿಕ್ಕು ತಿರುಗಿಬಿಡುತ್ತದೆ.

ಹೊಸದು ಎಂದರೇನು? ನಮ್ಮ ರೋಗನಿರೋಧಕ ವ್ಯವಸ್ಥೆಯ ಟಿ ಜೀವಕೋಶಗಳು ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಬೆಳೆಯುತ್ತವೆ. ದೇಹದ ಸ್ವಂತ ಪ್ರೋಟೀನುಗಳ ತುಣುಕುಗಳನ್ನು ಅಲ್ಲಿ ಅವುಗಳಿಗೆ ತೋರಿಸಲಾಗುತ್ತದೆ, ಮತ್ತು ಆ ತುಣುಕುಗಳ ಮೇಲೆ ಬಲವಾಗಿ ಎರಗುವ ಟಿ ಜೀವಕೋಶಗಳು ಅಲ್ಲಿಯೇ ನಾಶವಾಗುತ್ತವೆ. ಗಂಡಿನ ಥೈಮಸ್‌ನಲ್ಲಿ ವೈ ವರ್ಣತಂತುವಿನ ಪ್ರೋಟೀನುಗಳೂ ಈ ಸ್ವಂತದ ಪಟ್ಟಿಯಲ್ಲಿ ಸೇರಿರುತ್ತವೆ. ಹೆಣ್ಣಿನ ಥೈಮಸ್‌ನಲ್ಲಿ ಅವು ಇಲ್ಲದಿರುವುದರಿಂದ ಅವುಗಳನ್ನು ಗುರುತಿಸಬಲ್ಲ ಟಿ ಜೀವಕೋಶಗಳು ಉಳಿದುಕೊಂಡು ರಕ್ತದಲ್ಲಿ ಸುತ್ತಾಡುತ್ತಿರುತ್ತವೆ. ಅವು ಎಂದಾದರೂ ಗಂಡಿನ ಜೀವಕೋಶವನ್ನು ಎದುರಾದರೆ ಅದನ್ನು ವೈರಾಣು ಹೊಕ್ಕ ಜೀವಕೋಶದಂತೆಯೇ ಕಾಣಬಹುದು.

ಸ್ವಂತದ ಈ ಪಟ್ಟಿ ಹುಟ್ಟಿಗಿಂತ ಮುಂಚೆಯೇ ತಯಾರಾಗತೊಡಗುತ್ತದೆ ಎಂಬುದಕ್ಕೆ ಬೀದರ್ ಮತ್ತು ಕಲಬುರಗಿ ಸೀಮೆಯ ದನಗಾರರಿಗೆ ಪರಿಚಿತವಾದ ಸಂಗತಿಯೊಂದು ಸಾಕ್ಷಿ ಹೇಳುತ್ತದೆ. ದೇವಣಿ ಆಕಳಾಗಲಿ ಬೇರೆ ತಳಿಯದಾಗಲಿ, ಅವಳಿ ಕರು ಹಾಕಿ, ಅವುಗಳಲ್ಲಿ ಒಂದು ಹೋರಿಗರು, ಇನ್ನೊಂದು ಹೆಣ್ಣುಗರು ಆಗಿದ್ದರೆ, ಆ ಹೆಣ್ಣುಗರು ಬೆಳೆದ ಮೇಲೆ ಗೊಡ್ಡಾಗುವುದೇ ಹೆಚ್ಚು. ನೂರಕ್ಕೆ ತೊಂಬತ್ತಕ್ಕೂ ಮೀರಿ ಹೀಗಾಗುತ್ತದೆ. ಗರ್ಭದಲ್ಲಿ ಎರಡೂ ಕರುಗಳ ಮಾಸಿನ ರಕ್ತನಾಳಗಳು ಕೂಡಿಕೊಂಡು, ಹೋರಿಗರುವಿನ ಹಾರ್ಮೋನುಗಳು ಮತ್ತು ರಕ್ತದ ಜೀವಕೋಶಗಳು ಹೆಣ್ಣುಗರುವಿಗೆ ಹರಿಯುವುದು ಇದಕ್ಕೆ ಕಾರಣ. 1945ರಲ್ಲಿ ರೇ ಓವೆನ್ ಅವರು ಇಂಥ ಅವಳಿ ದನಗಳಲ್ಲಿ ಒಂದರ ರಕ್ತಕಣಗಳು ಇನ್ನೊಂದರಲ್ಲಿ ದೊಡ್ಡವಾದ ಮೇಲೂ ಜೀವಂತ ಉಳಿದಿರುವುದನ್ನು ತೋರಿಸಿದರು. ಬಳಿಕ ಪೀಟರ್ ಮೆಡಾವರ್ ಮತ್ತು ಅವರ ಸಂಗಡಿಗರು ಅವಳಿ ದನಗಳು ಒಂದರ ಚರ್ಮವನ್ನು ಇನ್ನೊಂದು ಒಪ್ಪಿಕೊಳ್ಳುವುದನ್ನು ಕಂಡರು. ಎಚ್-ವೈ ವಿಷಯದಲ್ಲಿ ಇದೇ ಮಾತನ್ನು 1958ರಲ್ಲಿ ಬಿಲ್ಲಿಂಗ್‌ಹ್ಯಾಮ್ ಮತ್ತು ಸಿಲ್ವರ್ಸ್ ಇಲಿಗಳಲ್ಲಿ ಸಾಧಿಸಿ ತೋರಿಸಿದರು: ಆಗ ತಾನೇ ಹುಟ್ಟಿದ ಹೆಣ್ಣಿಲಿಮರಿಗೆ ಗಂಡಿನ ಜೀವಕೋಶಗಳನ್ನು ಚುಚ್ಚಿದರೆ, ಅದು ಬೆಳೆದ ಮೇಲೆ ಗಂಡಿನ ಚರ್ಮವನ್ನು ತಿರಸ್ಕರಿಸುವುದಿಲ್ಲ. ಎಳವೆಯಲ್ಲಿ ಕಂಡದ್ದು ತನ್ನದಾಗುತ್ತದೆ.

ಇಲ್ಲಿ ಒಂದು ತೊಡಕು ಎದುರಾಯಿತು. ಕೆಲವು ತಳಿಗಳ ಹೆಣ್ಣಿಲಿಗಳು ಗಂಡಿನ ಚರ್ಮವನ್ನು ಬೇಗನೆ ತಿರಸ್ಕರಿಸಿದರೆ, ಬೇರೆ ಕೆಲವು ತಳಿಗಳವು ತಿರಸ್ಕರಿಸಲೇ ಇಲ್ಲ. ವೈ ವರ್ಣತಂತು ಎಲ್ಲ ಗಂಡಿಲಿಗಳಲ್ಲಿಯೂ ಇದೆ. ಹಾಗಾದರೆ ಈ ವ್ಯತ್ಯಾಸವೇಕೆ? ಇದನ್ನು ವಿದ್ಯಾರ್ಥಿಗಳಿಗೆ ಹೇಳುವಾಗ ನಾನು ಬೀದರಿನ ಬಿದರಿ ಕೆಲಸವನ್ನು ನೆನಪಿಸುತ್ತೇನೆ, ಮತ್ತು ಇದಕ್ಕಿಂತ ಹತ್ತಿರದ ಹೋಲಿಕೆ ನನಗೆ ಸಿಕ್ಕಿಲ್ಲ. ಕುಶಲಕರ್ಮಿ ಸತು ಮತ್ತು ತಾಮ್ರ ಬೆರೆತ ಪಾತ್ರೆಯ ಮೇಲೆ ಉಳಿಯಿಂದ ಸಣ್ಣ ತೋಡುಗಳನ್ನು ಕೊರೆದು, ಅವುಗಳಲ್ಲಿ ಬೆಳ್ಳಿಯ ತಂತಿಯನ್ನು ಇಟ್ಟು ಬಡಿದು ಕೂರಿಸುತ್ತಾನೆ. ತಂತಿ ಆ ತೋಡಿಗೆ ಹೊಂದಿದರೆ ಉಳಿಯುತ್ತದೆ, ಹೊಂದದಿದ್ದರೆ ಕಿತ್ತು ಬರುತ್ತದೆ. ಕೋಟೆಯ ಮಣ್ಣಿನಿಂದ ಕಪ್ಪಾದ ಪಾತ್ರೆಯನ್ನು ನೋಡುವವನಿಗೆ ಲೋಹವೂ ಬೆಳ್ಳಿಯೂ ಸೇರಿ ಒಂದೇ ಚಿತ್ರವಾಗಿ ಕಾಣುತ್ತವೆ.

ನಮ್ಮ ಜೀವಕೋಶಗಳ ಹೊರಮೈಯ ಮೇಲೆ ಇಂಥದೇ ತೋಡುಳ್ಳ ಪ್ರೋಟೀನುಗಳಿವೆ. ಮನುಷ್ಯರಲ್ಲಿ ಅವುಗಳ ಹೆಸರು ಎಚ್‌ಎಲ್‌ಎ. ಅವುಗಳ ವಂಶವಾಹಿಗಳು ಆರನೆಯ ವರ್ಣತಂತುವಿನ ಮೇಲಿವೆ. ಕಸಿಗೆ ಮುನ್ನ ಹೊಂದುತ್ತದೆಯೇ ಎಂದು ನೋಡುವುದು ಇವುಗಳನ್ನೇ. ಜೀವಕೋಶದ ಒಳಗೆ ಹಳತಾದ ಪ್ರೋಟೀನುಗಳು ಕತ್ತರಿಸಲ್ಪಟ್ಟಾಗ ಬರುವ ಎಂಟರಿಂದ ಹನ್ನೊಂದು ಅಮೈನೋ ಆಮ್ಲಗಳ ಚಿಕ್ಕ ತುಣುಕುಗಳು, ಅಂದರೆ ಪೆಪ್ಟೈಡ್‌ಗಳು, ಈ ತೋಡಿನಲ್ಲಿ ಕೂತು ಹೊರಗೆ ಬರುತ್ತವೆ. ಟಿ ಜೀವಕೋಶ ನೋಡುವುದು ತೋಡು ಮತ್ತು ಪೆಪ್ಟೈಡ್ ಎರಡೂ ಸೇರಿದ ಚಿತ್ರವನ್ನು. 1974ರಲ್ಲಿ ಜಿಂಕರ್‌ನಾಗೆಲ್ ಮತ್ತು ಡೊಹರ್ಟಿ ವೈರಾಣು ಸೋಂಕಿನ ಪ್ರಯೋಗಗಳಲ್ಲಿ ಈ ನಿಯಮವನ್ನು ಕಂಡುಕೊಂಡರು. 1996ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಎಚ್‌ಎಲ್‌ಎಗೆ ಸಾವಿರಾರು ರೂಪಗಳಿದ್ದು, ಒಂದೊಂದರ ತೋಡಿನ ಆಕಾರವೂ ಬೇರೆ. ಒಬ್ಬ ಗಂಡಸಿನ ತೋಡಿನಲ್ಲಿ ಚೆನ್ನಾಗಿ ಕೂರುವ ವೈ ಪೆಪ್ಟೈಡ್ ಇನ್ನೊಬ್ಬನ ತೋಡಿನಲ್ಲಿ ಕೂರದಿರಬಹುದು. ಇಲಿಗಳ ತಳಿಗಳ ನಡುವೆ ಕಂಡ ವ್ಯತ್ಯಾಸದ ಮೂಲ ಇಲ್ಲಿಯೇ ಇದೆ.

ಮನುಷ್ಯರಲ್ಲಿ ಎಚ್-ವೈ ಸ್ಪಷ್ಟವಾಗಿ ಕಂಡದ್ದು ನೆದರ್‌ಲ್ಯಾಂಡ್ಸ್‌ನ ಲೈಡನ್ ನಗರದಲ್ಲಿ. ಮಜ್ಜೆಯೇ ಬತ್ತಿಹೋಗುವ ಅಪ್ಲಾಸ್ಟಿಕ್ ಅನೀಮಿಯಾ ಎಂಬ ಕಾಯಿಲೆಯಿದ್ದ ಒಬ್ಬ ಹೆಣ್ಣುಮಗಳಿಗೆ ಎಚ್‌ಎಲ್‌ಎ ಪೂರ್ತಿ ಹೊಂದಿದ ಅಣ್ಣತಮ್ಮಂದಿರಲ್ಲೊಬ್ಬರ ಮಜ್ಜೆಯನ್ನು ಹಾಕಿದರೂ ಅದು ನಿಲ್ಲಲಿಲ್ಲ. ಎಲ್ಸ್ ಗೌಲ್ಮಿ ಮತ್ತು ಸಂಗಡಿಗರು 1976ರಲ್ಲಿ ವರದಿ ಮಾಡಿದಂತೆ, ಆಕೆಯ ರಕ್ತದ ಟಿ ಜೀವಕೋಶಗಳು ದಾನಿಯ ಜೀವಕೋಶಗಳನ್ನಷ್ಟೇ ಅಲ್ಲದೆ ಎಚ್‌ಎಲ್‌ಎ-ಎ2 ಎಂಬ ರೂಪವುಳ್ಳ ಬೇರೆ ಗಂಡಸರ ಜೀವಕೋಶಗಳನ್ನೂ ಕೊಂದವು. ಅದೇ ಎ2 ರೂಪವುಳ್ಳ ಹೆಂಗಸರ ಜೀವಕೋಶಗಳನ್ನು ಮುಟ್ಟಲಿಲ್ಲ. ತೋಡು ಎ2, ಅದರಲ್ಲಿನ ತಂತಿ ವೈ ವರ್ಣತಂತುವಿನದು. ಇವೆರಡೂ ಸೇರಿದಲ್ಲಿ ಮಾತ್ರ ಹೊಡೆತ.

ಆದರೆ ಆ ತಂತಿ ಯಾವ ಪ್ರೋಟೀನಿನದು ಎಂಬುದು ತಿಳಿಯಲು ಇಲಿಗಳ ಪ್ರಯೋಗದಿಂದ ಲೆಕ್ಕ ಹಾಕಿದರೆ ನಲವತ್ತು ವರ್ಷ ಹಿಡಿಯಿತು. ಈ ನಡುವೆ ವಿಜ್ಞಾನಿಗಳು ಒಂದು ತಪ್ಪು ದಾರಿಯನ್ನೂ ಹಿಡಿದಿದ್ದರು, ಮತ್ತು ಆ ತಪ್ಪಿನ ಪರಿಣಾಮ ಇಂದಿಗೂ ಈ ವಿಷಯದ ಬಗೆಗಿನ ತಿಳಿವಳಿಕೆಯಲ್ಲಿ ಉಳಿದಿರುವುದರಿಂದ ಅದನ್ನು ಬಿಡಿಸಿ ಹೇಳಬೇಕಾಗುತ್ತದೆ. ಎಚ್-ವೈ ಗಂಡಿನ ಎಲ್ಲ ಅಂಗಾಂಶಗಳಲ್ಲಿಯೂ ಇದೆ, ಅನೇಕ ಪ್ರಾಣಿಗಳಲ್ಲಿಯೂ ಇದೆ. ಆದ್ದರಿಂದ ಭ್ರೂಣದಲ್ಲಿ ವೃಷಣ ಬೆಳೆಯುವಂತೆ ಮಾಡುವ ವಸ್ತು ಇದೇ ಆಗಿರಬೇಕು ಎಂದು 1975ರಲ್ಲಿ ವಾಕ್‌ಟೆಲ್, ಓಹ್ನೊ ಮುಂತಾದವರು ಪ್ರತಿಪಾದಿಸಿದರು. ಈ ವಾದ ಸುಮಾರು ಹತ್ತು ವರ್ಷ ಬಲವಾಗಿ ನಿಂತಿತು. 1984ರಲ್ಲಿ ಆ್ಯನ್ ಮೆಕ್‌ಲಾರೆನ್, ಎಲಿಜಬೆತ್ ಸಿಂಪ್ಸನ್ ಮತ್ತು ಅವರ ಸಂಗಡಿಗರು ವೃಷಣಗಳಿದ್ದೂ ಎಚ್-ವೈ ಪ್ರತಿಜನಕ ಇಲ್ಲದ ಇಲಿಗಳನ್ನು ತೋರಿಸಿದಾಗ ಅದು ಬಿದ್ದುಹೋಯಿತು. ವೃಷಣವನ್ನು ರೂಪಿಸುವ ನಿಜವಾದ ವಂಶವಾಹಿ ಎಸ್‌ಆರ್‌ವೈ 1990ರಲ್ಲಿ ಪತ್ತೆಯಾಯಿತು. ಮರುವರ್ಷ ಆ ಒಂದೇ ವಂಶವಾಹಿಯನ್ನು ಸೇರಿಸಿದ ಎರಡು ಎಕ್ಸ್‌ಗಳ ಇಲಿ ಗಂಡಾಗಿ ಬೆಳೆಯಿತು. ಪುರುಷ ಪ್ರತಿಜನಕ ಎಂಬ ಹೆಸರು ಕೇಳಿದವರು ಇದು ಗಂಡಸುತನವನ್ನು ಕೊಡುವ ಯಾವುದೋ ಸತ್ವವೆಂದು ಊಹಿಸಿಕೊಳ್ಳುವುದನ್ನು ನಾನು ತರಗತಿಯಲ್ಲಿಯೂ ಕಂಡಿದ್ದೇನೆ. ಆ ಊಹೆಗೆ ಆಧಾರವಿಲ್ಲ.

ನಿಜವಾದ ಉತ್ತರ 1995ರಲ್ಲಿ ಬಂತು. ಎಚ್‌ಎಲ್‌ಎ-ಬಿ7 ಎಂಬ ತೋಡಿನಲ್ಲಿ ಕೂರುವ ಎಚ್-ವೈ ಪೆಪ್ಟೈಡ್ ಹನ್ನೊಂದು ಅಮೈನೋ ಆಮ್ಲಗಳದ್ದು, ಮತ್ತು ಅದು ಎಸ್‌ಎಂಸಿವೈ ಎಂಬ ಪ್ರೋಟೀನಿನಿಂದ ಬಂದದ್ದು. ಇಂದು ಆ ವಂಶವಾಹಿಯನ್ನು ಕೆಡಿಎಂ5ಡಿ ಎಂದು ಕರೆಯುತ್ತಾರೆ. ಇದರ ಕೆಲಸ ಗಂಡುತನಕ್ಕೆ ಸಂಬಂಧಿಸಿದ್ದೇನಲ್ಲ. ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನುಗಳ ಮೇಲಿನ ಕೆಲವು ರಾಸಾಯನಿಕ ಗುರುತುಗಳನ್ನು ಅಳಿಸುವುದು. ಎಕ್ಸ್ ವರ್ಣತಂತುವಿನ ಮೇಲೂ ಇದರ ಜೋಡಿ ವಂಶವಾಹಿ ಇದೆ, ಹೆಣ್ಣಿನಲ್ಲಿಯೂ ಗಂಡಿನಲ್ಲಿಯೂ ಅದು ಕೆಲಸ ಮಾಡುತ್ತದೆ. ಆ ಹನ್ನೊಂದು ಅಮೈನೋ ಆಮ್ಲಗಳ ಜಾಗದಲ್ಲಿ ಎಕ್ಸ್‌ನ ಪ್ರೋಟೀನಿಗೂ ವೈ ಪ್ರೋಟೀನಿಗೂ ಇರುವ ವ್ಯತ್ಯಾಸ ಎರಡೇ ಎರಡು ಅಮೈನೋ ಆಮ್ಲಗಳದ್ದು. ಸಾವಿರದ ಐನೂರಕ್ಕೂ ಹೆಚ್ಚು ಅಮೈನೋ ಆಮ್ಲಗಳ ಒಂದು ಪ್ರೋಟೀನಿನಲ್ಲಿ ಎರಡು ಕಡೆ ಬದಲಾದದ್ದು ಮಜ್ಜೆಯ ಕಸಿಯನ್ನೇ ಕೆಡಿಸಬಲ್ಲದು ಎಂಬುದನ್ನು ಮೊದಲ ಸಲ ಓದಿದಾಗ ನಾನು ಬಹಳ ಹೊತ್ತು ಪುಸ್ತಕ ಮುಚ್ಚಿಟ್ಟು ಕುಳಿತಿದ್ದೆ.

ಆಮೇಲೆ ಇನ್ನೂ ಹಲವು ಪೆಪ್ಟೈಡ್‌ಗಳು ಸಿಕ್ಕವು: ಯುಟಿವೈ, ಯುಎಸ್‌ಪಿ9ವೈ, ಡಿಡಿಎಕ್ಸ್3ವೈ, ಆರ್‌ಪಿಎಸ್4ವೈ ಮೊದಲಾದ ವಂಶವಾಹಿಗಳವು. ಆದ್ದರಿಂದ ಎಚ್-ವೈ ಎಂಬುದು ಒಂದೇ ವಸ್ತುವಿನ ಹೆಸರಲ್ಲ, ಒಂದು ಗುಂಪಿನ ಹೆಸರು. ಈ ವಂಶವಾಹಿಗಳಲ್ಲಿ ಹೆಚ್ಚಿನವು ಪ್ರತಿಯೊಂದು ಜೀವಕೋಶದ ದಿನನಿತ್ಯದ ಕೆಲಸಕ್ಕೆ ಬೇಕಾದವು, ಮತ್ತು ಅವುಗಳಿಗೆ ಎಕ್ಸ್‌ನ ಮೇಲೆ ಜೋಡಿಗಳಿವೆ. ಡಿಡಿಎಕ್ಸ್3ವೈ ಪ್ರೋಟೀನು ತನ್ನ ಎಕ್ಸ್ ಜೋಡಿಯೊಂದಿಗೆ ಶೇ 90ಕ್ಕೂ ಹೆಚ್ಚು ಒಂದೇ ಆಗಿದೆ. ಎಕ್ಸ್ ಮತ್ತು ವೈ ಬಹಳ ಹಿಂದೆ ಒಂದೇ ಬಗೆಯ ಜೋಡಿ ವರ್ಣತಂತುಗಳಾಗಿದ್ದವು. ಕಾಲಕ್ರಮದಲ್ಲಿ ವೈ ತನ್ನ ಬಹುಪಾಲು ವಂಶವಾಹಿಗಳನ್ನು ಕಳೆದುಕೊಂಡಿತು. 2023ರಲ್ಲಿ ಮೊದಲ ಬಾರಿಗೆ ಪೂರ್ತಿಯಾಗಿ ಓದಲಾದ ಮಾನವ ವೈ ವರ್ಣತಂತುವಿನಲ್ಲಿ ಸುಮಾರು 6 ಕೋಟಿ 25 ಲಕ್ಷ ಅಕ್ಷರಗಳಿವೆ, ಪ್ರೋಟೀನು ತಯಾರಿಸುವ ವಂಶವಾಹಿಗಳು 106. ಅವುಗಳಲ್ಲಿ ಅನೇಕವು ಒಂದೇ ವಂಶವಾಹಿಯ ಹಲವು ಪ್ರತಿಗಳು. ಎಕ್ಸ್‌ನಲ್ಲಿ 15 ಕೋಟಿಗೂ ಹೆಚ್ಚು ಅಕ್ಷರಗಳೂ 800ಕ್ಕೂ ಮೀರಿದ ವಂಶವಾಹಿಗಳೂ ಇವೆ. ಇಷ್ಟು ಕಳೆದುಕೊಂಡ ವೈ ಈ ಕೆಲವನ್ನು ಮಾತ್ರ ಬಿಡದೆ ಇಟ್ಟುಕೊಂಡಿರುವುದಕ್ಕೆ ಮುಖ್ಯ ಕಾರಣ ಪ್ರಮಾಣ ಎಂದು ತಿಳಿಯಲಾಗಿದೆ. ಹೆಣ್ಣಿನ ಜೀವಕೋಶದಲ್ಲಿ ಎರಡು ಎಕ್ಸ್‌ಗಳಲ್ಲಿ ಒಂದು ಬಹುಮಟ್ಟಿಗೆ ಮುಚ್ಚಿಕೊಂಡಿದ್ದರೂ ಈ ಜೋಡಿಗಳಲ್ಲಿ ಹಲವು ಎರಡೂ ಕಡೆಯಿಂದ ಕೆಲಸ ಮಾಡುತ್ತವೆ. ಗಂಡಿನಲ್ಲಿ ಆ ಎರಡನೆಯ ಪಾಲನ್ನು ವೈ ಒದಗಿಸುತ್ತದೆ. ಒಂದೇ ಕೆಲಸವನ್ನು ಎರಡು ವರ್ಣತಂತುಗಳು ಸ್ವಲ್ಪ ಬೇರೆ ಅಕ್ಷರಗಳಲ್ಲಿ ಬರೆದುಕೊಂಡಿವೆ, ಆ ಅಕ್ಷರಭೇದವನ್ನೇ ಟಿ ಜೀವಕೋಶ ಪರಕೀಯವೆಂದು ಓದುತ್ತದೆ.

ಈಗ ಅಕ್ಕನ ಪ್ರಶ್ನೆಗೆ ಬರೋಣ. ಮಜ್ಜೆಯ ಕಸಿಯಲ್ಲಿ ದಿಕ್ಕು ತಿರುಗುತ್ತದೆ ಎಂದೆನಲ್ಲ. ಚರ್ಮ ಅಥವಾ ಮೂತ್ರಪಿಂಡವನ್ನು ಹಾಕಿದಾಗ ತಿರಸ್ಕರಿಸುವುದು ಪಡೆದವರ ದೇಹ. ಆದರೆ ಮಜ್ಜೆ ಎಂದರೆ ರೋಗನಿರೋಧಕ ವ್ಯವಸ್ಥೆಯ ತವರು. ಅಕ್ಕನ ಮಜ್ಜೆಯನ್ನು ರೋಗಿಯಾದ ಹುಡುಗನಿಗೆ ಹಾಕಿದರೆ, ಅವಳ ಟಿ ಜೀವಕೋಶಗಳು ಅವನ ದೇಹವನ್ನು ಪ್ರವೇಶಿಸಿ, ಅಲ್ಲಿನ ಚರ್ಮ, ಕರುಳು ಮತ್ತು ಪಿತ್ತಜನಕಾಂಗದ ಜೀವಕೋಶಗಳ ಮೇಲೆ ವೈ ಪೆಪ್ಟೈಡ್‌ಗಳನ್ನು ಕಂಡು ಅವುಗಳ ಮೇಲೆ ಎರಗಬಹುದು. ಕಸಿಯೇ ಅತಿಥೇಯನ ಮೇಲೆ ತಿರುಗಿ ಬೀಳುವ ಈ ತೊಂದರೆ, ಹೆಣ್ಣು ದಾನಿಯಿಂದ ಗಂಡು ರೋಗಿಗೆ ಮಾಡಿದ ಕಸಿಗಳಲ್ಲಿ ಉಳಿದ ಜೋಡಿಗಳಿಗಿಂತ ಹೆಚ್ಚಾಗಿ ಕಂಡುಬರುತ್ತದೆ. 2004-05ರ ಸುಮಾರಿಗೆ ಪ್ರಕಟವಾದ ಅಧ್ಯಯನಗಳಲ್ಲಿ ಹೆಂಗಸರ ಮಜ್ಜೆ ಪಡೆದ ಗಂಡಸರಲ್ಲಿ ಸುಮಾರು ಅರ್ಧದಷ್ಟು ಮಂದಿಯ ರಕ್ತದಲ್ಲಿ ಡಿಡಿಎಕ್ಸ್3ವೈ ವಿರುದ್ಧದ ಪ್ರತಿಕಾಯಗಳು, ಅಂದರೆ ರೋಗನಿರೋಧಕ ವ್ಯವಸ್ಥೆ ತಯಾರಿಸುವ ಎದುರಾಳಿ ಪ್ರೋಟೀನುಗಳು, ಕಂಡಿದ್ದವು.

ಮಕ್ಕಳ ಪ್ರಶ್ನೆ ಬಂದದ್ದು ಇಲ್ಲಿ. ಬಸುರಿನಲ್ಲಿ ಮಗುವಿನ ಕೆಲವು ಜೀವಕೋಶಗಳು ಮಾಸು ದಾಟಿ ತಾಯಿಯ ರಕ್ತಕ್ಕೆ ಸೇರುತ್ತವೆ, ಮತ್ತು ಅವು ಬಹಳ ವರ್ಷ ಉಳಿಯುತ್ತವೆ. ಮಗ ಹುಟ್ಟಿ 27 ವರ್ಷವಾದ ತಾಯಿಯೊಬ್ಬಳ ರಕ್ತದಲ್ಲಿ ಗಂಡಿನ ಜೀವಕೋಶಗಳು ಕಂಡದ್ದನ್ನು 1996ರಲ್ಲಿ ಡಯಾನಾ ಬಿಯಾಂಕಿ ಮತ್ತು ಸಂಗಡಿಗರು ವರದಿ ಮಾಡಿದರು. ಗಂಡುಮಗುವನ್ನು ಹೊತ್ತ ತಾಯಿಯ ಟಿ ಜೀವಕೋಶಗಳು ಎಚ್-ವೈ ಅನ್ನು ಆಗಲೇ ಒಮ್ಮೆ ಕಂಡಿರುತ್ತವೆ, ಮತ್ತು ಒಮ್ಮೆ ಕಂಡ ಟಿ ಜೀವಕೋಶ ಎರಡನೆಯ ಸಲ ಬೇಗ ಎಚ್ಚೆತ್ತುಕೊಳ್ಳುತ್ತದೆ. ಇದರಿಂದ ಬಸುರಿಗೆ ಅಪಾಯ ಎಂದು ಯಾರೂ ಅರ್ಥ ಮಾಡಿಕೊಳ್ಳಬಾರದು. ಮಾಸು ಮತ್ತು ಗರ್ಭಕೋಶ ಈ ಎಚ್ಚರವನ್ನು ತಡೆದು ಹಿಡಿಯುವ ಹಲವು ವ್ಯವಸ್ಥೆಗಳನ್ನು ಹೊಂದಿವೆ, ಕೆಲವು ತಾಯಂದಿರಲ್ಲಿ ಎಚ್-ವೈ ಅನ್ನು ಸಹಿಸಿಕೊಳ್ಳುವಂತೆ ಮಾಡುವ ಟಿ ಜೀವಕೋಶಗಳೂ ಸಿಕ್ಕಿವೆ, ಮತ್ತು ಗಂಡುಮಕ್ಕಳು ಎಲ್ಲರ ಮನೆಗಳಲ್ಲಿಯೂ ಸುಖವಾಗಿ ಹುಟ್ಟುತ್ತಲೇ ಇದ್ದಾರೆ. ಕಸಿಗೆ ದಾನಿಯನ್ನು ಆರಿಸುವಾಗ ಮಾತ್ರ, ಎಚ್‌ಎಲ್‌ಎ ಹೊಂದಾಣಿಕೆ, ದಾನಿಯ ವಯಸ್ಸು, ಹಿಂದಿನ ಸೋಂಕುಗಳು ಇವೆಲ್ಲ ಸರಿಸಮನಾಗಿದ್ದರೆ, ಗಂಡು ರೋಗಿಗೆ ಹಲವು ಹೆರಿಗೆಯಾದ ಹೆಣ್ಣಿಗಿಂತ ಗಂಡು ದಾನಿಯನ್ನು ಆರಿಸುವುದು ರೂಢಿ. ತಮ್ಮ ಇಲ್ಲದಿದ್ದರೆ ವೈದ್ಯರು ಅಕ್ಕನ ಮಜ್ಜೆಯನ್ನೇ ತೆಗೆದುಕೊಳ್ಳುತ್ತಿದ್ದರು.

ಇದರ ಇನ್ನೊಂದು ಮುಖವನ್ನೂ ನಾನು ಆಕೆಗೆ ಹೇಳಿದೆ. ರಕ್ತದ ಕ್ಯಾನ್ಸರಿನ ಜೀವಕೋಶಗಳೂ ಗಂಡಸಿನವೇ ಆದ್ದರಿಂದ ಅವುಗಳ ಮೇಲೂ ವೈ ಪೆಪ್ಟೈಡ್‌ಗಳಿರುತ್ತವೆ, ಹೆಣ್ಣಿನ ಟಿ ಜೀವಕೋಶಗಳು ಅವುಗಳನ್ನೂ ಕೊಲ್ಲುತ್ತವೆ. ಹೆಣ್ಣು ದಾನಿಯಿಂದ ಗಂಡು ರೋಗಿಗೆ ಕಸಿ ಮಾಡಿದಲ್ಲಿ ಕಾಯಿಲೆ ಮರುಕಳಿಸುವುದು ಕಡಿಮೆ ಎಂದು ಅನೇಕ ಅಧ್ಯಯನಗಳು ತೋರಿಸಿವೆ. ಚರ್ಮ, ಕರುಳುಗಳನ್ನು ಮುಟ್ಟದೆ ಕ್ಯಾನ್ಸರ್ ಜೀವಕೋಶವನ್ನು ಮಾತ್ರ ಹೊಡೆಯುವಂತೆ ಮಾಡಲು ರಕ್ತದ ಜೀವಕೋಶಗಳಲ್ಲಿ ಮಾತ್ರ ಇರುವ ಪ್ರತಿಜನಕ ಬೇಕು. ಕೆಡಿಎಂ5ಡಿಯಂಥವು ಎಲ್ಲ ಜೀವಕೋಶಗಳಲ್ಲಿಯೂ ಇರುವುದರಿಂದ ಈ ಒಳಿತನ್ನು ಕೆಡುಕಿನಿಂದ ಬೇರ್ಪಡಿಸುವುದು ಕಷ್ಟವಾಗಿದೆ.

ಮೂತ್ರಪಿಂಡದ ವಿಷಯ ಬೇಗ ಮುಗಿಯುತ್ತದೆ. 2008ರಲ್ಲಿ ಪ್ರಕಟವಾದ, ಸುಮಾರು ಎರಡು ಲಕ್ಷ ರೋಗಿಗಳ ದಾಖಲೆಗಳನ್ನು ಒಳಗೊಂಡ ಅಂತರರಾಷ್ಟ್ರೀಯ ಅಧ್ಯಯನವೊಂದು, ಗಂಡು ದಾನಿಯ ಮೂತ್ರಪಿಂಡ ಪಡೆದ ಹೆಂಗಸರಲ್ಲಿ ಕಸಿ ವಿಫಲವಾಗುವ ಸಾಧ್ಯತೆ ಸ್ವಲ್ಪ ಹೆಚ್ಚು ಎಂದು ಕಂಡಿತು. ಆ ಹೆಚ್ಚಳ ಬಹಳ ಸಣ್ಣದು, ಔಷಧಿಗಳಿಂದ ತಡೆಯಬಹುದಾದದ್ದು. ನಮ್ಮ ದೇಶದಲ್ಲಿ ಬದುಕಿರುವಾಗಲೇ ಮೂತ್ರಪಿಂಡ ಕೊಡುವವರಲ್ಲಿ ತಾಯಿ, ಹೆಂಡತಿ, ಅಕ್ಕತಂಗಿಯರೇ ಹೆಚ್ಚು, ಪಡೆಯುವವರಲ್ಲಿ ಗಂಡಸರೇ ಹೆಚ್ಚು. ಹೀಗಾಗಿ ಎಚ್-ವೈ ತೊಡಕು ಮೂತ್ರಪಿಂಡದ ಕಸಿಗಳಲ್ಲಿ ಇಲ್ಲಿ ಹೆಚ್ಚಾಗಿ ಎದುರಾಗುವುದೇ ಇಲ್ಲ. ಗಂಡನ ಮೂತ್ರಪಿಂಡವನ್ನು ಹೆಂಡತಿಗೆ ಹಾಕಲು ಬರುವುದಿಲ್ಲ ಎಂದು ಯಾರಾದರೂ ಈ ವಿಜ್ಞಾನದ ಹೆಸರಿನಲ್ಲಿ ಹೇಳಿದರೆ ಅದನ್ನು ನಂಬಬೇಕಾಗಿಲ್ಲ.

ಕಸಿಯ ಬಳಿಕ ಮಜ್ಜೆ ನಿಂತಿತೇ ಎಂದು ನೋಡುವಾಗಲೂ ವೈ ಕೆಲಸಕ್ಕೆ ಬರುತ್ತದೆ. ಅಕ್ಕ ದಾನಿಯಾಗಿದ್ದರೆ, ರೋಗಿಯ ರಕ್ತದ ನೂರಾರು ಜೀವಕೋಶಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಎಕ್ಸ್ ಮತ್ತು ವೈಗಳಿಗೆ ಬೇರೆ ಬೇರೆ ಬಣ್ಣದ ಹೊಳೆಯುವ ಚುಕ್ಕೆಗಳನ್ನು ಹಚ್ಚಿ, ಎರಡು ಎಕ್ಸ್ ಚುಕ್ಕೆಗಳಿರುವುವನ್ನು ಎಣಿಸಿದರೆ ಸಾಕಾಗುತ್ತಿತ್ತು. ಅವಳ ಮಜ್ಜೆ ಪೂರ್ತಿ ನಿಂತಿದ್ದರೆ ಆ ಹುಡುಗನ ರಕ್ತದ ಜೀವಕೋಶಗಳೆಲ್ಲ ಹೆಣ್ಣಿನವೇ ಆಗಿರುತ್ತಿದ್ದವು. ತಮ್ಮ ಕೊಟ್ಟದ್ದರಿಂದ ಎರಡೂ ಕಡೆ ಒಂದೇ ವೈ ಇದ್ದು, ಬೇರೆ ವರ್ಣತಂತುಗಳ ಮೇಲಿನ ಡಿಎನ್‌ಎ ಗುರುತುಗಳನ್ನು ಹೋಲಿಸಬೇಕಾಯಿತು. ನೂರನೆಯ ದಿನದ ವರದಿಯನ್ನು ಅಕ್ಕನೇ ನನ್ನ ಮನೆಗೆ ತಂದು ತೋರಿಸಿದಳು. ಜೀವಕೋಶಗಳೆಲ್ಲ ದಾನಿಯವೇ ಎಂದು ಅದರಲ್ಲಿತ್ತು, ಮತ್ತು ಆ ಸಾಲಿನ ಅರ್ಥವೇನೆಂದು ಆ ದಿನ ನಾನು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.